ಓದುಗರ ಪ್ರಶ್ನೆ, ಲೇಖಕಿಯ ಉತ್ತರ: ಮೇರಿ ಷೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ರಚನೆಯ ಒಂದು ಚಾರಿತ್ರಿಕ ಪರಿಶೀಲನೆ

ಪೀಠಿಕೆ

1831ರಲ್ಲಿ ಲಂಡನ್ನಿನ ಪ್ರಕಾಶಕರಾದ ಹೆನ್ರಿ ಕೋಲ್ಬರ್ನ್ ಮತ್ತು ರಿಚರ್ಡ್ ಬೆಂಟ್ಲಿ ಅವರು ತಮ್ಮ ‘ಸ್ಟ್ಯಾಂಡರ್ಡ್ ನಾವೆಲ್ಸ್’ ಗ್ರಂಥಮಾಲೆಗೆ ಮೇರಿ ಷೆಲ್ಲಿಯ ‘ಫ್ರಾಂಕೆನ್‌ಸ್ಟೈನ್ ಅಥವಾ ಆಧುನಿಕ ಪ್ರೊಮೀಥಿಯಸ್’ ಎಂಬ ಕಾದಂಬರಿಯನ್ನು ಆಯ್ದುಕೊಂಡರು. ಕೃತಿಯು ಹುಟ್ಟಿದ ಬಗೆಯನ್ನು ವಿವರಿಸುವ ಪ್ರಸ್ತಾವನೆಯೊಂದನ್ನು ಬರೆದುಕೊಡುವಂತೆ ಅವರು ಲೇಖಕಿಯನ್ನು ಕೇಳಿಕೊಂಡರು. ಆಗ ಮೇರಿಗೆ ಮೂವತ್ತನಾಲ್ಕು ವರ್ಷ. ಈ ಕೋರಿಕೆಯನ್ನು ತಾನು ಸಂತೋಷದಿಂದ ಒಪ್ಪಿಕೊಂಡುದಕ್ಕೆ ಆಕೆ ನೀಡಿದ ಕಾರಣ ಗಮನಾರ್ಹವಾದುದು. ಹರೆಯದ ಹುಡುಗಿಯೊಬ್ಬಳು ಅಷ್ಟು ಘೋರವಾದ ಕಲ್ಪನೆಯನ್ನು ಮಾಡಿದ್ದು ಹೇಗೆ ಮತ್ತು ಅದನ್ನು ಬೆಳೆಸಿದ್ದು ಹೇಗೆ ಎಂದು ಜನರು ತನ್ನನ್ನು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಅವರೆಲ್ಲರಿಗೂ ಒಮ್ಮೆಗೇ ಉತ್ತರ ಕೊಡಲು ಇದೊಂದು ಅವಕಾಶ ಎಂಬುದು ಆಕೆಯ ಮಾತಿನ ಸಾರಾಂಶ.

ಈ ಪ್ರಶ್ನೆಯಲ್ಲಿ ಕುತೂಹಲದ ಜೊತೆಗೆ ಸಂಶಯವೂ ಬೆರೆತಿತ್ತು. ಹೆಣ್ಣೊಬ್ಬಳು, ಅದರಲ್ಲಿಯೂ ಇಪ್ಪತ್ತು ತುಂಬದವಳು, ಇಂಥದೊಂದನ್ನು ಬರೆಯಬಲ್ಲಳೆ ಎಂಬುದೇ ಆ ಸಂಶಯ. ಮೇರಿ ಕೊಟ್ಟ ಉತ್ತರವು ಇಂದು ಜಗತ್ಪ್ರಸಿದ್ಧವಾಗಿದೆ: ಸರೋವರದ ದಂಡೆಯ ಮನೆ, ಮಳೆಯ ದಿನಗಳು, ದೆವ್ವದ ಕಥೆ ಬರೆಯುವ ಪಂಥ ಮತ್ತು ಒಂದು ರಾತ್ರಿಯ ಅರೆನಿದ್ರೆಯ ದರ್ಶನ. ಎರಡು ಶತಮಾನಗಳಿಂದ ಈ ಕಥನವನ್ನು ಇತಿಹಾಸವೆಂದೇ ಓದಿಕೊಂಡು ಬರಲಾಗಿದೆ. ಆದರೆ ಅದು ಘಟನೆ ನಡೆದ ಹದಿನೈದು ವರ್ಷಗಳ ನಂತರ ಓದುಗರಿಗಾಗಿ ಬರೆದ ಉತ್ತರವೆಂಬುದನ್ನು ಮರೆಯಲಾಗದು. ಆ ಉತ್ತರವನ್ನು ದಿನಚರಿ, ಪತ್ರ ಹಾಗೂ ಹಸ್ತಪ್ರತಿಗಳಂತಹ ಸಮಕಾಲೀನ ಆಕರಗಳೊಂದಿಗೆ ಇಟ್ಟು ನೋಡಿ, ಲೇಖಕಿಗೂ ಆಕೆಯ ಓದುಗರಿಗೂ ಇದ್ದ ಸಂಬಂಧದ ಸ್ವರೂಪವನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಪುಸ್ತಕಗಳ ಮನೆ

ಮೇರಿ ಹುಟ್ಟಿದ್ದು 1797ರ ಆಗಸ್ಟ್ 30ರಂದು, ಲಂಡನ್ನಿನಲ್ಲಿ. ತಾಯಿ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಸ್ತ್ರೀಯರ ಹಕ್ಕುಗಳ ಸಮರ್ಥನೆಯ ಗ್ರಂಥವನ್ನು ರಚಿಸಿ ಯುರೋಪಿನ ವೈಚಾರಿಕ ವಲಯದಲ್ಲಿ ಹೆಸರಾದವಳು. ತಂದೆ ವಿಲಿಯಂ ಗಾಡ್ವಿನ್ ರಾಜಕೀಯ ನ್ಯಾಯವನ್ನು ಕುರಿತ ಗ್ರಂಥವನ್ನೂ ‘ಕೇಲೆಬ್ ವಿಲಿಯಮ್ಸ್’ ಎಂಬ ಕಾದಂಬರಿಯನ್ನೂ ಬರೆದ ಚಿಂತಕ. ಮಗಳು ಹುಟ್ಟಿದ ಹನ್ನೊಂದನೆಯ ದಿನ, ಸೆಪ್ಟೆಂಬರ್ 10ರಂದು, ತಾಯಿ ಬಾಣಂತಿ ಜ್ವರದಿಂದ ತೀರಿಕೊಂಡಳು. ಹೀಗಾಗಿ ಮೇರಿಗೆ ತಾಯಿಯು ದೊರೆತದ್ದು ಪುಸ್ತಕಗಳ ಮೂಲಕ ಮತ್ತು ಸೇಂಟ್ ಪ್ಯಾಂಕ್ರಸ್ ಚರ್ಚಿನ ಆವರಣದ ಸಮಾಧಿಯ ಮೂಲಕ ಮಾತ್ರ. ಆ ಸಮಾಧಿಯ ಬಳಿ ಕುಳಿತು ಓದುವುದು ಆಕೆಯ ರೂಢಿಯಾಗಿತ್ತು.

ಗಾಡ್ವಿನ್ 1801ರಲ್ಲಿ ಮರುಮದುವೆಯಾಗಿ, ಪತ್ನಿಯೊಡನೆ ಮಕ್ಕಳ ಪುಸ್ತಕಗಳ ಪ್ರಕಾಶನ ಮತ್ತು ಮಾರಾಟವನ್ನು ಆರಂಭಿಸಿದನು. ಮನೆಗೆ ಬಂದುಹೋಗುತ್ತಿದ್ದವರಲ್ಲಿ ಕವಿ ಕೋಲ್‌ರಿಜ್ ಒಬ್ಬನು. ಅವನು ಅಲ್ಲಿ ವಾಚಿಸಿದ ಮುದಿ ನಾವಿಕನ ಕವನದ ಪ್ರಭಾವವು ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ಹಿಮಸಮುದ್ರದ ದೃಶ್ಯಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತಂದೆತಾಯಿಗಳಿಬ್ಬರೂ ಲೇಖಕರಾಗಿದ್ದುದರಿಂದ ತನಗೆ ಬಾಲ್ಯದಲ್ಲಿಯೇ ಬರೆಯುವ ಯೋಚನೆ ಬಂದುದು ಸಹಜವೆಂದು ಮೇರಿಯೇ 1831ರಲ್ಲಿ ಹೇಳಿಕೊಂಡಿದ್ದಾಳೆ. 1814ರ ಜುಲೈ 28ರಂದು, ಹದಿನಾರನೆಯ ವಯಸ್ಸಿನಲ್ಲಿ, ವಿವಾಹಿತನಾಗಿದ್ದ ಕವಿ ಪರ್ಸಿ ಬಿಷ್ ಷೆಲ್ಲಿಯೊಡನೆ ಆಕೆ ಮನೆಬಿಟ್ಟು ಹೊರಟಳು. ಸಮಾನತೆಯನ್ನು ಬೋಧಿಸಿದ್ದ ತಂದೆಯೇ ಮಗಳಿಗೆ ಬಾಗಿಲು ಮುಚ್ಚಿದನು. ಮುಂದೆ ಅವನಿಗೇ ಆಕೆ ತನ್ನ ಮೊದಲ ಕಾದಂಬರಿಯನ್ನು ಅರ್ಪಿಸಿದಳೆಂಬುದನ್ನು ಇಲ್ಲಿ ನೆನೆಯಬಹುದು.

1816ರ ಬೇಸಿಗೆ: ಸಾಕ್ಷ್ಯಗಳ ಪರಿಶೀಲನೆ

1816ರ ಮೇ ತಿಂಗಳಲ್ಲಿ ಮೇರಿ, ಪರ್ಸಿ ಹಾಗೂ ಮೇರಿಯ ಮಲಸೋದರಿ ಕ್ಲೇರ್ ಕ್ಲೇರ್ಮಂಟ್ ಜಿನೀವಾ ಸರೋವರದ ದಂಡೆಗೆ ಬಂದಿಳಿದರು. ಸಮೀಪದ ವಿಲಾ ಡಿಯೊದಾತಿ ಎಂಬ ಬಂಗಲೆಯಲ್ಲಿ ಕವಿ ಬೈರನ್ ತನ್ನ ವೈದ್ಯ ಜಾನ್ ಪಾಲಿಡೋರಿಯೊಡನೆ ನೆಲೆಸಿದನು. ಆ ವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಇಂದಿನ ಇಂಡೋನೇಷ್ಯಾದ ಸುಂಬಾವಾ ದ್ವೀಪದಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದು, ವಾಯುಮಂಡಲದ ಮೇಲ್ಪದರವನ್ನು ಸೇರಿದ ಗಂಧಕದ ಸೂಕ್ಷ್ಮ ಕಣಗಳು ಸೂರ್ಯನ ಶಾಖವನ್ನು ತಡೆದುದೇ ಇದಕ್ಕೆ ಮುಖ್ಯ ಕಾರಣವೆಂದು ಇಂದು ತಿಳಿದಿದೆ. ಅಂದಿನ ಯಾತ್ರಿಕರಿಗೆ ಇದು ತಿಳಿದಿರಲಿಲ್ಲ. ಅವರು ಕಂಡದ್ದು ಎಡೆಬಿಡದ ಮಳೆಯನ್ನೂ ಸರೋವರದ ಮೇಲಿನ ಸಿಡಿಲು ಮಿಂಚನ್ನೂ ಮಾತ್ರ. ಮನೆಯೊಳಗೆ ಕುಳಿತವರ ಕೈಗೆ ‘ಫ್ಯಾಂಟಾಸ್ಮಾಗೋರಿಯಾನಾ’ ಎಂಬ ದೆವ್ವದ ಕಥೆಗಳ ಸಂಕಲನ ಸಿಕ್ಕಿತು. ಅದು ಜರ್ಮನ್ ಕಥೆಗಳ ಫ್ರೆಂಚ್ ಅನುವಾದ, 1812ರಲ್ಲಿ ಪ್ರಕಟವಾಗಿತ್ತು. ಅದನ್ನು ಓದಿದ ಬೈರನ್ ಎಲ್ಲರೂ ಒಂದೊಂದು ಕಥೆ ಬರೆಯೋಣವೆಂದನು.

ಇಲ್ಲಿಂದ ಮುಂದೆ ಆಕರಗಳು ಒಂದನ್ನೊಂದು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಮೇರಿಯ ಪ್ರಸ್ತಾವನೆಯ ಪ್ರಕಾರ ಉಳಿದವರು ಬರೆಯತೊಡಗಿದರೂ ತನಗೆ ಕಥೆ ಹೊಳೆಯಲಿಲ್ಲ. ಪ್ರತಿದಿನ ಬೆಳಿಗ್ಗೆ ‘ಕಥೆ ಹೊಳೆಯಿತೆ’ ಎಂಬ ಪ್ರಶ್ನೆಗೆ ಇಲ್ಲವೆನ್ನುವ ಅವಮಾನವನ್ನು ಅನುಭವಿಸಬೇಕಾಯಿತು. ಆದರೆ ಪಾಲಿಡೋರಿಯ ದಿನಚರಿಯಲ್ಲಿ ಜೂನ್ 17ರಂದು, ತನ್ನೊಬ್ಬನ ಹೊರತು ಎಲ್ಲರೂ ಕಥೆಗಳನ್ನು ಆರಂಭಿಸಿದ್ದಾರೆಂಬ ಟಿಪ್ಪಣಿಯಿದೆ. ಜೀವದ ಮೂಲತತ್ತ್ವವನ್ನು ಕುರಿತು ಬೈರನ್ ಮತ್ತು ಪರ್ಸಿ ಚರ್ಚಿಸಿದರೆಂದು ಮೇರಿ ಬರೆದರೆ, ಜೂನ್ 15ರಂದು ಇಂಥ ಚರ್ಚೆ ತನಗೂ ಪರ್ಸಿಗೂ ನಡೆಯಿತೆಂದು ಪಾಲಿಡೋರಿ ದಾಖಲಿಸಿದ್ದಾನೆ. ಈ ದಿನಚರಿಯೂ ನಿರ್ದೋಷವಾದ ಆಕರವಲ್ಲ. ಪಾಲಿಡೋರಿಯ ಸೋದರಿ ತನಗೆ ಅನುಚಿತವೆನಿಸಿದ ಭಾಗಗಳನ್ನು ಬಿಟ್ಟು ಪ್ರತಿಮಾಡಿ ಮೂಲವನ್ನು ನಾಶಪಡಿಸಿದಳು. ಆ ಪ್ರತಿಯೇ 1911ರಲ್ಲಿ ಅಚ್ಚಾಯಿತು. ಇತ್ತ ಮೇರಿಯ ದಿನಚರಿಯಲ್ಲಿ 1815ರ ಮೇ ತಿಂಗಳಿಂದ 1816ರ ಜುಲೈ ನಡುಭಾಗದವರೆಗಿನ ಸಂಪುಟವೇ ಕಳೆದುಹೋಗಿದೆ. ಅತ್ಯಂತ ಬೇಕಾದ ದಿನಗಳ ದಾಖಲೆಯೇ ನಮಗೆ ಉಳಿದಿಲ್ಲ.

ಹಾಗೆಂದು ಪ್ರಸ್ತಾವನೆಯನ್ನು ಬರಿಯ ಕಟ್ಟುಕಥೆಯೆಂದು ತಳ್ಳಿಹಾಕುವುದೂ ಸರಿಯಲ್ಲ. ಎಚ್ಚರವಾದಾಗ ಮುಚ್ಚಿದ ಕಿಟಕಿಯ ಸಂದಿನಿಂದ ಬೆಳದಿಂಗಳು ತೂರಿ ಬರುತ್ತಿತ್ತೆಂದು ಮೇರಿ ಬರೆದಿದ್ದಾಳೆ. ಅಮೆರಿಕದ ಟೆಕ್ಸಾಸ್ ರಾಜ್ಯ ವಿಶ್ವವಿದ್ಯಾಲಯದ ಖಗೋಳಜ್ಞ ಡೊನಾಲ್ಡ್ ಓಲ್ಸನ್ ಮತ್ತು ಸಂಗಡಿಗರು ಸ್ಥಳದಲ್ಲಿಯೇ ಬೆಟ್ಟದ ಇಳಿಜಾರನ್ನು ಅಳೆದು, 1816ರ ಜೂನ್‌ನಲ್ಲಿ ಚಂದ್ರನ ಸ್ಥಾನವನ್ನು ಲೆಕ್ಕಹಾಕಿದರು. ಜೂನ್ 16ರ ಬೆಳಗಿನ ಜಾವ ಎರಡರಿಂದ ಮೂರು ಗಂಟೆಯ ನಡುವೆ ಇಂಥ ಬೆಳದಿಂಗಳು ಸಾಧ್ಯವಿತ್ತೆಂದು ಅವರು 2011ರಲ್ಲಿ ಪ್ರಕಟಿಸಿದರು. ಇದರಿಂದ ಕನಸು ಬಿದ್ದುದು ರುಜುವಾತಾಗುವುದಿಲ್ಲ. ಆದರೆ ಹದಿನೈದು ವರ್ಷಗಳ ನಂತರವೂ ಮೇರಿಯ ನೆನಪಿನ ಒಂದು ಎಳೆ ಗಟ್ಟಿಯಾಗಿತ್ತೆಂಬುದು ಸಿದ್ಧವಾಗುತ್ತದೆ.

ಪ್ರೇರಣೆಗಳು

ಕನಸಿನ ಕಥನವು ಹೇಳದೆ ಬಿಟ್ಟುದನ್ನು ಒಂದು ಹಳೆಯ ದಿನಚರಿಯ ಪುಟ ಹೇಳುತ್ತದೆ. 1815ರ ಫೆಬ್ರವರಿ 22ರಂದು ಮೇರಿ ದಿನ ತುಂಬದ ಹೆಣ್ಣುಮಗುವೊಂದನ್ನು ಹೆತ್ತಳು. ಮಗು ಎರಡು ವಾರವೂ ಬದುಕಲಿಲ್ಲ. ಅದಕ್ಕೆ ಹೆಸರಿಟ್ಟ ದಾಖಲೆಯೂ ಇಲ್ಲ. ಮಾರ್ಚ್ 19ರ ದಿನಚರಿಯಲ್ಲಿ ಹದಿನೇಳು ವರ್ಷದ ಆ ತಾಯಿ ಒಂದು ಕನಸನ್ನು ಬರೆದಿಟ್ಟಿದ್ದಾಳೆ: ಮಗು ಸತ್ತಿರಲಿಲ್ಲ, ಮೈ ತಣ್ಣಗಾಗಿತ್ತು ಅಷ್ಟೆ, ಬೆಂಕಿಯ ಮುಂದೆ ಹಿಡಿದು ಉಜ್ಜಿದಾಗ ಅದಕ್ಕೆ ಮತ್ತೆ ಜೀವ ಬಂತು. ಎಚ್ಚರವಾದಾಗ ಮಗು ಇರಲಿಲ್ಲ. ನಿರ್ಜೀವ ದೇಹಕ್ಕೆ ಜೀವ ತುಂಬುವ ಕಥೆಗೆ ಒಂದು ವರ್ಷ ಮೂರು ತಿಂಗಳ ಮುನ್ನ ಬರೆದಿಟ್ಟ ಈ ಕೆಲವು ಸಾಲುಗಳನ್ನು ಕಡೆಗಣಿಸಿ ಕಾದಂಬರಿಯ ಪ್ರೇರಣೆಯನ್ನು ವಿವರಿಸುವುದು ಸಾಧ್ಯವಿಲ್ಲ. 1976ರಲ್ಲಿ ವಿಮರ್ಶಕಿ ಎಲೆನ್ ಮೋಯರ್ಸ್ ಈ ಕೃತಿಯನ್ನು ಹೆರಿಗೆಯ ಮತ್ತು ಹೆರಿಗೆಯ ನಂತರದ ಭೀತಿಯ ಪುರಾಣವೆಂದು ಓದಿದ ಮೇಲೆ ಈ ಎಳೆಯು ಅಧ್ಯಯನದ ಮುನ್ನೆಲೆಗೆ ಬಂದಿತು.

ಎರಡನೆಯ ಪ್ರೇರಣೆ ಆ ಕಾಲದ ವಿಜ್ಞಾನ. ಇಟಲಿಯ ಲುಯಿಗಿ ಗಾಲ್ವಾನಿ ಸತ್ತ ಕಪ್ಪೆಯ ಕಾಲುಗಳು ವಿದ್ಯುತ್ ಸ್ಪರ್ಶದಿಂದ ಅದುರುವುದನ್ನು ತೋರಿಸಿದ್ದನು. ಅವನ ಸೋದರಳಿಯ ಜೊವಾನಿ ಅಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿಸಿದ ಅಪರಾಧಿಯೊಬ್ಬನ ಶವದ ಮೇಲೆ ಇಂಥದೇ ಪ್ರಯೋಗ ನಡೆಸಿದನು. ಜೀವವು ದೇಹದಿಂದ ಹೊರತಾದ ಒಂದು ಶಕ್ತಿಯೋ ಅಥವಾ ದೇಹರಚನೆಯ ಪರಿಣಾಮವೋ ಎಂಬ ವಿವಾದವು ಲಂಡನ್ನಿನ ವೈದ್ಯರಾದ ಜಾನ್ ಅಬರ್ನೆತಿ ಮತ್ತು ವಿಲಿಯಂ ಲಾರೆನ್ಸ್ ಅವರ ನಡುವೆ ಬಿರುಸಾಗಿ ನಡೆದಿತ್ತು. ಲಾರೆನ್ಸ್ ಪರ್ಸಿಯ ವೈದ್ಯನೂ ಆಗಿದ್ದನು. 1816ರ ಅಕ್ಟೋಬರಿನಲ್ಲಿ, ಕಾದಂಬರಿ ಬರೆಯುತ್ತಿರುವಾಗಲೇ, ತಾನು ಹಂಫ್ರಿ ಡೇವಿಯ ರಸಾಯನಶಾಸ್ತ್ರವನ್ನು ಓದಿದುದನ್ನು ಮೇರಿ ದಿನಚರಿಯಲ್ಲಿ ನಮೂದಿಸಿದ್ದಾಳೆ. ಆದುದರಿಂದ ಆಕೆಯ ಭಯಾನಕತೆಯು ಹಿಂದಿನ ಗಾಥಿಕ್ ಕಾದಂಬರಿಗಳ ಹಾಳು ಕೋಟೆ, ಪ್ರೇತಗಳಿಂದ ಹುಟ್ಟಿದುದಲ್ಲ. ಅದು ಹುಟ್ಟಿದ್ದು ಪ್ರಯೋಗಶಾಲೆಯಿಂದ ಮತ್ತು ತಾನು ಸೃಷ್ಟಿಸಿದ ಜೀವದ ಹೊಣೆಯನ್ನು ಹೊರಲೊಲ್ಲದ ಮನುಷ್ಯನ ನಡತೆಯಿಂದ.

ಬರವಣಿಗೆಯ ತಿಂಗಳುಗಳು

ಪ್ರಸ್ತಾವನೆಯಲ್ಲಿ ಒಂದು ರಾತ್ರಿಯ ದರ್ಶನಕ್ಕೆ ದೊರೆತಷ್ಟು ಸ್ಥಳವು ಮುಂದಿನ ಹತ್ತು ಹನ್ನೊಂದು ತಿಂಗಳ ದುಡಿಮೆಗೆ ದೊರೆತಿಲ್ಲ. ಉಳಿದಿರುವ ದಿನಚರಿಯಲ್ಲಿ ತನ್ನ ಕಥೆಯನ್ನು ಬರೆದೆನೆಂಬ ಮೊದಲ ನಮೂದು ಕಾಣುವುದು 1816ರ ಜುಲೈ 24ರಂದು, ಆಲ್ಪ್ಸ್ ಪರ್ವತಗಳ ಶಾಮೊನಿ ಕಣಿವೆಯಲ್ಲಿ. ಮರುದಿನ ಆಕೆ ನೋಡಿದ ಹಿಮನದಿಯ ಹರಹೇ ಕಾದಂಬರಿಯಲ್ಲಿ ಸೃಷ್ಟಿಕರ್ತನೂ ಸೃಷ್ಟಿಯೂ ಮುಖಾಮುಖಿಯಾಗುವ ಸ್ಥಳವಾಯಿತು.

ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಮರಳಿದ ಮೇಲೆ ಬಹುಭಾಗವನ್ನು ಬಾತ್ ನಗರದಲ್ಲಿ ಬರೆಯಲಾಯಿತು. ಆ ದಿನಗಳು ಶಾಂತಿಯ ದಿನಗಳಾಗಿರಲಿಲ್ಲ. ಅಕ್ಟೋಬರ್ 9ರಂದು ಮೇರಿಯ ಅಕ್ಕ, ಒಂದೇ ತಾಯಿಯ ಮಗಳಾದ ಫ್ಯಾನಿ, ಆತ್ಮಹತ್ಯೆ ಮಾಡಿಕೊಂಡಳು. ಡಿಸೆಂಬರ್ 5ರಂದು ಪರ್ಸಿಗೆ ಬರೆದ ಪತ್ರದಲ್ಲಿ ಮೇರಿ, ನಾಲ್ಕನೆಯ ಅಧ್ಯಾಯವನ್ನು ಮುಗಿಸಿದ್ದೇನೆ, ಅದು ಬಹಳ ದೀರ್ಘವಾಗಿದೆ ಎಂದು ತಿಳಿಸುತ್ತಾಳೆ. ಇದಾದ ಐದೇ ದಿನಗಳಲ್ಲಿ ಪರ್ಸಿಯ ಮೊದಲ ಪತ್ನಿ ಹ್ಯಾರಿಯೆಟ್‌ಳ ಶವ ಲಂಡನ್ನಿನ ಸರ್ಪೆಂಟೈನ್ ಕೊಳದಲ್ಲಿ ಸಿಕ್ಕಿತು. ಡಿಸೆಂಬರ್ 30ರಂದು ಮೇರಿ ಮತ್ತು ಪರ್ಸಿ ಮದುವೆಯಾದರು. 1817ರ ಮೇ ತಿಂಗಳಲ್ಲಿ, ಮೂರನೆಯ ಮಗುವಿನ ಗರ್ಭಿಣಿಯಾಗಿದ್ದ ಮೇರಿ, ಮಾರ್ಲೋ ಊರಿನಲ್ಲಿ ಶುದ್ಧಪ್ರತಿಯನ್ನು ಮುಗಿಸಿದಳು.

ಕರಡು ಹಸ್ತಪ್ರತಿಯ ಬಹುಭಾಗವು ಇಂದು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಮೇರಿಯ ಅಕ್ಷರದ ನಡುನಡುವೆ ಪರ್ಸಿಯ ತಿದ್ದುಪಡಿಗಳೂ ಇವೆ. 1974ರಲ್ಲಿ ಕಾದಂಬರಿಯ ಮೊದಲ ಪಾಠವನ್ನು ಸಂಪಾದಿಸಿದ ಜೇಮ್ಸ್ ರೀಗರ್ ಈ ತಿದ್ದುಪಡಿಗಳ ಆಧಾರದಿಂದ ಪರ್ಸಿಯನ್ನು ಹೆಚ್ಚು ಕಡಿಮೆ ಸಹಲೇಖಕನ ಸ್ಥಾನಕ್ಕೆ ಏರಿಸಿದರು. 1988ರಲ್ಲಿ ಆನ್ ಮೆಲ್ಲರ್ ಇದನ್ನು ವಿರೋಧಿಸಿ, ಪರ್ಸಿಯ ಕೈವಾಡವು ಅನೇಕ ಕಡೆ ಮೇರಿಯ ನೇರವಾದ ವಾಕ್ಯಗಳನ್ನು ಪಾಂಡಿತ್ಯದ ಭಾರದಿಂದ ಬಗ್ಗಿಸಿದೆಯೆಂದು ತೋರಿಸಿದರು. 1996ರಲ್ಲಿ ಹಸ್ತಪ್ರತಿಗಳನ್ನು ಪುಟಪುಟವಾಗಿ ಸಂಪಾದಿಸಿದ ಚಾರ್ಲ್ಸ್ ರಾಬಿನ್ಸನ್ ಅವರ ಎಣಿಕೆಯ ಪ್ರಕಾರ ಸುಮಾರು 72,000 ಪದಗಳ ಕಾದಂಬರಿಯಲ್ಲಿ ಪರ್ಸಿಯದು ನಾಲ್ಕರಿಂದ ಐದು ಸಾವಿರ ಪದಗಳು. ಇದು ಒಬ್ಬ ಸಮರ್ಥ ಸಂಪಾದಕನ ಕೆಲಸವೇ ಹೊರತು ಕರ್ತೃವಿನ ಕೆಲಸವಲ್ಲವೆಂಬುದು ಇಂದು ಬಹುತೇಕ ಒಪ್ಪಿತವಾದ ನಿಲುವು.

ಕೃತಿಯೊಳಗಿನ ಓದುಗರು

ಕಾದಂಬರಿಯ ಹೊರಗಿನ ಓದುಗರ ವಿಚಾರಕ್ಕೆ ಬರುವ ಮುನ್ನ ಕಾದಂಬರಿಯ ಒಳಗಿನ ಓದುಗರನ್ನು ಗಮನಿಸಬೇಕು. ಸಿನಿಮಾಗಳಿಂದ ಪರಿಚಿತವಾದ ಮಾತುಬಾರದ ದೈತ್ಯನು ಮೇರಿಯ ಸೃಷ್ಟಿಯಲ್ಲ. ಆಕೆಯ ಸೃಷ್ಟಿಜೀವಿಯು ಓದುಗ. ಗುಡಿಸಲೊಂದರ ಗೋಡೆಯ ಮರೆಯಲ್ಲಿ ನಿಂತು, ಒಳಗಿನವರು ವೋಲ್ನಿಯ ಸಾಮ್ರಾಜ್ಯಗಳ ಪತನದ ಗ್ರಂಥವನ್ನು ಓದುವುದನ್ನು ಕೇಳಿ ಅವನು ಭಾಷೆಯನ್ನೂ ಇತಿಹಾಸವನ್ನೂ ಕಲಿಯುತ್ತಾನೆ. ಕಾಡಿನಲ್ಲಿ ಸಿಕ್ಕ ಚೀಲದಲ್ಲಿದ್ದ ಮಿಲ್ಟನ್, ಪ್ಲುಟಾರ್ಕ್ ಮತ್ತು ಗಯಟೆಯರ ಕೃತಿಗಳನ್ನು ಓದುತ್ತಾನೆ. ಕೊನೆಗೆ ತಾನು ತೊಟ್ಟುಕೊಂಡ ಅಂಗಿಯ ಜೇಬಿನಲ್ಲಿ ಅವನಿಗೆ ದೊರೆಯುವುದು ತನ್ನನ್ನು ನಿರ್ಮಿಸಿದವನ ಟಿಪ್ಪಣಿಗಳು. ತನ್ನ ಹುಟ್ಟನ್ನು ಕುರಿತು ಹೆತ್ತವನೇ ಅಸಹ್ಯದಿಂದ ಬರೆದುದನ್ನು ಅವನು ಓದಬೇಕಾಗುತ್ತದೆ. ಹುಟ್ಟಿನೊಡನೆಯೇ ತಾಯಿಯನ್ನು ಕಳೆದುಕೊಂಡು, ತಂದೆಯು ಬರೆದ ತಾಯಿಯ ಚರಿತ್ರೆಯಲ್ಲಿ ತನ್ನ ಹುಟ್ಟಿನ ವಿವರವನ್ನು ಓದಿಕೊಂಡ ಮಗಳು ಬರೆದ ದೃಶ್ಯವಿದು.

ಇಡೀ ಕಾದಂಬರಿಯ ಹೊರಚೌಕಟ್ಟು ಪತ್ರಗಳಿಂದ ಕೂಡಿದೆ. ನಾವಿಕ ರಾಬರ್ಟ್ ವಾಲ್ಟನ್ ಇಂಗ್ಲೆಂಡಿನಲ್ಲಿರುವ ತನ್ನ ಸೋದರಿಗೆ ಈ ವೃತ್ತಾಂತವನ್ನೆಲ್ಲ ಬರೆಯುತ್ತಾನೆ. ಆಕೆಯ ಹೆಸರು ಮಾರ್ಗರೆಟ್ ವಾಲ್ಟನ್ ಸ್ಯಾವಿಲ್. ಮೇರಿ ವೋಲ್‌ಸ್ಟನ್‌ಕ್ರಾಫ್ಟ್ ಷೆಲ್ಲಿಯ ಆದ್ಯಕ್ಷರಗಳೇ ಈ ಹೆಸರಿನಲ್ಲಿಯೂ ಇವೆ. ಆಕೆಯ ಒಂದು ಉತ್ತರವೂ ಕಾದಂಬರಿಯಲ್ಲಿ ಬರುವುದಿಲ್ಲ. ಆಕೆ ಓದುತ್ತಾಳೆ, ಅಷ್ಟೆ. ಲೇಖಕಿಯು ತನ್ನ ಮೊದಲ ಓದುಗಳಿಗೆ ತನ್ನದೇ ಆದ್ಯಕ್ಷರಗಳನ್ನು ಕೊಟ್ಟಿರುವುದನ್ನು ಕೇವಲ ಆಕಸ್ಮಿಕವೆನ್ನುವುದು ಕಷ್ಟ.

ಹೆಸರಿಲ್ಲದ ಕೃತಿ

ಹಸ್ತಪ್ರತಿಯನ್ನು ಜಾನ್ ಮರ್ರೆ ಮತ್ತು ಚಾರ್ಲ್ಸ್ ಓಲಿಯರ್ ತಿರಸ್ಕರಿಸಿದ ಮೇಲೆ ಲ್ಯಾಕಿಂಗ್ಟನ್ ಸಂಸ್ಥೆಯು ಅದನ್ನು ಒಪ್ಪಿಕೊಂಡಿತು. 1818ರ ಜನವರಿ 1ರಂದು ಮೂರು ಸಂಪುಟಗಳಲ್ಲಿ, 500 ಪ್ರತಿಗಳಲ್ಲಿ ಕೃತಿ ಹೊರಬಂದಿತು. ಲೇಖಕರ ಹೆಸರಿರಲಿಲ್ಲ. ಮುನ್ನುಡಿಯನ್ನು ಪರ್ಸಿಯು ಮೇರಿಯ ಪರವಾಗಿ, ಆಕೆಯೇ ಮಾತನಾಡುವಂತೆ ಬರೆದಿದ್ದನು. ಬೆಲೆಯೂ ಹೆಚ್ಚಿದ್ದುದರಿಂದ ಕೃತಿಯು ಹೆಚ್ಚಾಗಿ ಸಿರಿವಂತರ ಮನೆಗಳನ್ನೂ ಬಾಡಿಗೆ ಗ್ರಂಥಾಲಯಗಳನ್ನೂ ಸೇರಿತು.

ಓದುಗರು ತಮಗೆ ತೋಚಿದ ಕರ್ತೃವನ್ನು ಊಹಿಸಿಕೊಂಡರು. ಆ ಕಾಲದ ಬಹುಮಾನ್ಯ ಸಾಹಿತಿ ವಾಲ್ಟರ್ ಸ್ಕಾಟ್ ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆಯಲ್ಲಿ ಕೃತಿಯನ್ನು ಮೆಚ್ಚಿ ಬರೆದನು; ಆದರೆ ಅದನ್ನು ಪರ್ಸಿಯ ಕೃತಿಯೆಂದು ಭಾವಿಸಿದನು. ಆಗ ಇಟಲಿಯಲ್ಲಿದ್ದ ಮೇರಿ 1818ರ ಜೂನ್ 14ರಂದು ಸ್ಕಾಟನಿಗೆ ಪತ್ರ ಬರೆದು, ಕೃತಿಯು ತನ್ನದೆಂದೂ ಅದು ಎಳೆಯ ವಯಸ್ಸಿನ ಪ್ರಯತ್ನವೆಂದೂ ವಿನಯದಿಂದ ತಿಳಿಸಿದಳು. ಲೇಖಕಿಯು ತನ್ನ ಕರ್ತೃತ್ವವನ್ನು ಒಬ್ಬ ಓದುಗನ ಮುಂದೆ ಸ್ಥಾಪಿಸಿಕೊಂಡ ಈ ಪತ್ರವು ಮಹತ್ವದ ದಾಖಲೆ. ಇನ್ನೊಂದೆಡೆ ‘ಬ್ರಿಟಿಷ್ ಕ್ರಿಟಿಕ್’ ಪತ್ರಿಕೆಯು ಲೇಖಕರು ಹೆಂಗಸೆಂದು ತಿಳಿದು, ಅದನ್ನು ಕೃತಿಯ ದೋಷವನ್ನು ಇಮ್ಮಡಿಸುವ ಸಂಗತಿಯೆಂದು ಪರಿಗಣಿಸಿತು. ಮೆಚ್ಚಿದವರು ಕೃತಿಯನ್ನು ಗಂಡಸಿನದೆಂದರು. ಮೆಚ್ಚದವರು ಹೆಂಗಸಿನದೆಂಬುದನ್ನೇ ಅಪರಾಧವಾಗಿಸಿದರು. 1831ರ ಪ್ರಶ್ನೆಯ ಬೇರು ಇಲ್ಲಿದೆ.

ಅದೇ ಗುಂಪಿನ ಇನ್ನೊಂದು ಕೃತಿಯ ಗತಿಯನ್ನು ಇದರೊಡನೆ ಹೋಲಿಸಬಹುದು. ಜಿನೀವಾದ ಅದೇ ಪಂಥದಿಂದ ಹುಟ್ಟಿದ ಪಾಲಿಡೋರಿಯ ‘ದಿ ವ್ಯಾಂಪೈರ್’ ಕಥೆಯು 1819ರ ಏಪ್ರಿಲ್‌ನಲ್ಲಿ ಬೈರನ್ನನ ಹೆಸರಿನಲ್ಲಿ ಪ್ರಕಟವಾಯಿತು. ಅಂದಿನ ಪುಸ್ತಕ ವ್ಯಾಪಾರದಲ್ಲಿ ಪ್ರಸಿದ್ಧ ಕವಿಗಳ ನೆರಳು ಎಷ್ಟು ದಟ್ಟವಾಗಿತ್ತೆಂಬುದಕ್ಕೆ ಇದೊಂದು ನಿದರ್ಶನ.

ರಂಗಭೂಮಿಯ ಪ್ರೇಕ್ಷಕರು

ಇಟಲಿಯ ವರ್ಷಗಳು ಮೇರಿಯಿಂದ ಬಹಳವನ್ನು ಕಿತ್ತುಕೊಂಡವು. 1818ರಲ್ಲಿ ಮಗಳು ಕ್ಲಾರಾ, 1819ರಲ್ಲಿ ಮಗ ವಿಲಿಯಂ ತೀರಿಕೊಂಡರು. 1822ರ ಜುಲೈ 8ರಂದು ಪರ್ಸಿ ಸಮುದ್ರದಲ್ಲಿ ಮುಳುಗಿ ಸತ್ತನು. ಉಳಿದ ಒಬ್ಬನೇ ಮಗನೊಡನೆ 1823ರ ಆಗಸ್ಟ್ ಕೊನೆಯಲ್ಲಿ ಮೇರಿ ಲಂಡನ್ನಿಗೆ ಮರಳಿದಾಗ, ಆಕೆಯ ಕೃತಿಯು ಆಕೆಯನ್ನು ಬಿಟ್ಟು ಬಹುದೂರ ಸಾಗಿತ್ತು. ರಿಚರ್ಡ್ ಬ್ರಿನ್ಸ್ಲಿ ಪೀಕ್ ಎಂಬ ನಾಟಕಕಾರನ ರಂಗರೂಪವು ಜುಲೈ 28ರಿಂದ ಇಂಗ್ಲಿಷ್ ಅಪೆರಾ ಹೌಸ್‌ನಲ್ಲಿ ನಡೆಯುತ್ತಿತ್ತು. ಮೇರಿ ಆಗಸ್ಟ್ 29ರಂದು ತಂದೆಯೊಡನೆ ಅದನ್ನು ನೋಡಿದಳು. ಗೆಳೆಯ ಲೀ ಹಂಟ್‌ಗೆ ಬರೆದ ಪತ್ರದಲ್ಲಿ ತಾನು ಪ್ರಸಿದ್ಧಳಾಗಿಬಿಟ್ಟಿರುವುದನ್ನು ಆಕೆ ಬೆರಗಿನಿಂದ ಹೇಳಿಕೊಂಡಿದ್ದಾಳೆ. ಪಾತ್ರಗಳ ಪಟ್ಟಿಯಲ್ಲಿ ಸೃಷ್ಟಿಜೀವಿಯ ಹೆಸರಿನ ಜಾಗದಲ್ಲಿ ಬರಿಯ ಗೆರೆಯನ್ನು ಎಳೆದು, ಎದುರಿಗೆ ನಟ ಕುಕ್‌ನ ಹೆಸರನ್ನು ಮುದ್ರಿಸಲಾಗಿತ್ತು. ಹೆಸರಿಲ್ಲದುದನ್ನು ಹೀಗೆ ಹೆಸರಿಸಿದ ಬಗೆ ಆಕೆಗೆ ಹಿಡಿಸಿತು. ಕಥೆಯ ನಿರ್ವಹಣೆ ಅಷ್ಟೇನೂ ಸಮರ್ಪಕವಲ್ಲವೆನಿಸಿದರೂ ಪ್ರೇಕ್ಷಕರು ಉಸಿರು ಬಿಗಿಹಿಡಿದು ನೋಡುತ್ತಿದ್ದುದನ್ನು ಆಕೆ ಗಮನಿಸಿದಳು.

ಈ ರಂಗರೂಪವೇ ಸೃಷ್ಟಿಜೀವಿಯ ಮಾತನ್ನು ಕಸಿದುಕೊಂಡು ಅವನನ್ನು ಮೂಕನನ್ನಾಗಿ ಮಾಡಿದ್ದು ಹಾಗೂ ವಿಜ್ಞಾನಿಗೆ ಒಬ್ಬ ಸಹಾಯಕನನ್ನು ಸೇರಿಸಿದ್ದು. ಕಾದಂಬರಿಯನ್ನು ನಾಟಕಕ್ಕೆ ಅಳವಡಿಸುವವರ ಮೇಲೆ ಲೇಖಕರಿಗೆ ಅಂದಿನ ಕಾನೂನು ಯಾವ ಹಕ್ಕನ್ನೂ ಕೊಟ್ಟಿರಲಿಲ್ಲ. ಪುಸ್ತಕ ಮತ್ತು ಓದುಗರ ಇತಿಹಾಸವನ್ನು ಕುರಿತ ವಿಲಿಯಂ ಸೇಂಟ್ ಕ್ಲೇರ್ ಅವರ 2004ರ ಗ್ರಂಥವು ತೋರಿಸಿಕೊಟ್ಟಿರುವಂತೆ, ಹತ್ತೊಂಬತ್ತನೆಯ ಶತಮಾನದ ಬಹುಕಾಲ ಪುಸ್ತಕವನ್ನು ಓದಿದವರಿಗಿಂತ ರಂಗದ ಮೇಲೆ ಕಥೆಯನ್ನು ಕಂಡವರೇ ಹೆಚ್ಚು. ಸೃಷ್ಟಿಕರ್ತನ ಹೆಸರು ಸೃಷ್ಟಿಗೇ ಅಂಟಿಕೊಂಡ ಪ್ರಸಿದ್ಧವಾದ ತಪ್ಪು ಕೂಡ ಇಂಥ ಪರೋಕ್ಷ ಪರಿಚಯದ ಫಲವೇ ಇರಬೇಕು.

ಹೆಸರಿನ ಮೇಲಿನ ನಿರ್ಬಂಧ

ನಾಟಕದ ಯಶಸ್ಸಿನ ಬೆನ್ನಿಗೇ ಗಾಡ್ವಿನ್ನನ ಮುತುವರ್ಜಿಯಿಂದ 1823ರಲ್ಲಿ ಎರಡು ಸಂಪುಟಗಳ ಮರುಮುದ್ರಣ ಬಂದಿತು. ಮೇರಿಯ ಹೆಸರು ಮೊದಲ ಬಾರಿಗೆ ಇಂಗ್ಲಿಷ್ ಮುದ್ರಣದ ಶೀರ್ಷಿಕೆಪುಟದಲ್ಲಿ ಕಂಡದ್ದು ಇದರಲ್ಲಿ. ಆದರೆ ಈ ಹೆಸರಿಗೆ ಕೂಡಲೇ ತಡೆ ಬಿದ್ದಿತು. ಪರ್ಸಿಯ ತಂದೆ ಸರ್ ತಿಮೊತಿ ಷೆಲ್ಲಿ ಮೊಮ್ಮಗನ ಪೋಷಣೆಗೆ ಅಲ್ಪ ಹಣವನ್ನು ಕೊಡಲು ಒಪ್ಪಿದರೂ, ಸೊಸೆಯು ಷೆಲ್ಲಿ ಮನೆತನದ ಹೆಸರನ್ನು ಸಾರ್ವಜನಿಕರ ಮುಂದೆ ತರಕೂಡದೆಂಬ ಷರತ್ತನ್ನು ಹಾಕಿದನು. 1824ರಲ್ಲಿ ಮೇರಿ ಸಂಪಾದಿಸಿದ ಪರ್ಸಿಯ ಮರಣೋತ್ತರ ಕವನಗಳ ಸಂಕಲನವನ್ನು ಈ ಒತ್ತಡದಿಂದ ಹಿಂತೆಗೆದುಕೊಳ್ಳಬೇಕಾಯಿತು.

ಮಗನ ಅನ್ನವೋ, ತನ್ನ ಹೆಸರೋ ಎಂಬ ಈ ಇಕ್ಕಟ್ಟಿನಿಂದ ಹೊರಬರಲು ದೊರೆತ ದಾರಿ ಸರಳವಾಗಿತ್ತು. 1826ರ ‘ದಿ ಲಾಸ್ಟ್ ಮ್ಯಾನ್’ ಮತ್ತು ಅನಂತರದ ಕಾದಂಬರಿಗಳು ‘ಫ್ರಾಂಕೆನ್‌ಸ್ಟೈನ್ ಕರ್ತೃವಿನಿಂದ’ ಎಂಬ ನಮೂದಿನೊಡನೆ ಪ್ರಕಟವಾದವು. ಹೆಸರಿಲ್ಲದೆ ಹುಟ್ಟಿದ ಕೃತಿಯೇ ಲೇಖಕಿಗೆ ಹೆಸರಾಯಿತು. ಭೀಕರ ಸಾಂಕ್ರಾಮಿಕವೊಂದರಿಂದ ಇಪ್ಪತ್ತೊಂದನೆಯ ಶತಮಾನದ ಕೊನೆಯಲ್ಲಿ ಮನುಕುಲವೇ ಅಳಿದು ಒಬ್ಬನೇ ಉಳಿಯುವ ಆ 1826ರ ಕಾದಂಬರಿಯನ್ನು ಸಮಕಾಲೀನರು ಆದರಿಸಲಿಲ್ಲ. 2020ರ ಕೋವಿಡ್ ದಿನಗಳಲ್ಲಿ ಅದು ಜಗತ್ತಿನ ಅನೇಕ ಕಡೆ ಮತ್ತೆ ಓದುಗರನ್ನು ಪಡೆಯಿತು. ಗಂಡ, ಮಕ್ಕಳು, ಗೆಳೆಯರನ್ನೆಲ್ಲ ಕಳೆದುಕೊಂಡ ತಾನೇ ಆ ಕೊನೆಯ ಮನುಷ್ಯನಂತೆ ಎಂದು ಮೇರಿ 1824ರ ಮೇ 14ರ ದಿನಚರಿಯಲ್ಲಿ ಬರೆದಿದ್ದಳು. ಬೈರನ್ ಗ್ರೀಸಿನಲ್ಲಿ ತೀರಿಕೊಂಡ ಸುದ್ದಿ ಮರುದಿನವೇ ಆಕೆಗೆ ತಲುಪಿತು.

1831ರ ಉತ್ತರ ಮತ್ತು ಅದರ ಮಿತಿ

ಈ ಹಿನ್ನೆಲೆಯಲ್ಲಿ 1831ರ ಪ್ರಸ್ತಾವನೆಯನ್ನು ನೋಡಿದರೆ ಅದರ ಎರಡು ಮುಖಗಳು ಕಾಣುತ್ತವೆ. ಒಂದು ಕಡೆ ಅದು ವಿನಯದ ಬರಹ. ಹೆಣ್ಣುಮಗಳೊಬ್ಬಳು ಬುದ್ಧಿಪೂರ್ವಕವಾಗಿ ಇಂಥ ಘೋರವನ್ನು ಕಟ್ಟಿದಳೆನ್ನುವುದಕ್ಕಿಂತ, ಅದು ತಾನಾಗಿಯೇ ಕಣ್ಣ ಮುಂದೆ ಬಂದು ನಿಂತಿತೆನ್ನುವುದನ್ನು ಅಂದಿನ ಓದುಗರು ಸುಲಭವಾಗಿ ಒಪ್ಪಬಲ್ಲವರಾಗಿದ್ದರು. ಇನ್ನೊಂದು ಕಡೆ ಅದು ಹಕ್ಕಿನ ಬರಹ. ಒಂದೇ ಒಂದು ಘಟನೆಯ ಸೂಚನೆಗೂ ತಾನು ಗಂಡನಿಗೆ ಋಣಿಯಲ್ಲವೆಂದೂ, ಅವನ ಒತ್ತಾಸೆಯಿಲ್ಲದಿದ್ದರೆ ಮಾತ್ರ ಕೃತಿಯು ಈ ಪ್ರಮಾಣಕ್ಕೆ ಬೆಳೆಯುತ್ತಿರಲಿಲ್ಲವೆಂದೂ, ಮೊದಲ ಮುನ್ನುಡಿ ತನಗೆ ನೆನಪಿರುವಂತೆ ಪೂರ್ಣವಾಗಿ ಅವನದೆಂದೂ ಆಕೆ ಬಿಡಿಸಿ ಹೇಳುತ್ತಾಳೆ. ಕವಿಯ ಕೀರ್ತಿಯನ್ನು ಕಾಪಾಡುವುದಕ್ಕೆ ತನ್ನ ಜೀವನವನ್ನೇ ಮುಡಿಪಾಗಿಟ್ಟಿದ್ದವಳು ಈ ಒಂದು ವಿಷಯದಲ್ಲಿ ಮಾತ್ರ ಅವನ ಪಾಲನ್ನು ಅಳೆದು ಬೇರ್ಪಡಿಸುತ್ತಾಳೆ.

ಕನಸಿನ ಕಥನವು ದುಡಿಮೆಯನ್ನು ಮರೆಮಾಚಿತೆಂಬುದಕ್ಕೆ ಮತ್ತೊಂದು ಪುರಾವೆಯೂ ಇದೆ. ಇಟಲಿಯನ್ನು ಬಿಡುವ ಮುನ್ನ ಮೇರಿ ಪರಿಚಿತ ಮಹಿಳೆಯೊಬ್ಬರಿಗೆ ಕೊಟ್ಟ 1818ರ ಮುದ್ರಣದ ಪ್ರತಿಯೊಂದು ಇಂದು ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಅದರ ಅಂಚುಗಳಲ್ಲಿ ಆಕೆಯೇ ತಿದ್ದುಪಡಿಗಳನ್ನು ಬರೆದಿದ್ದಾಳೆ. ಮೊದಲೆರಡು ಅಧ್ಯಾಯಗಳು ಸಪ್ಪೆಯಾಗಿವೆ, ಭಾಷೆ ಕೆಲವೆಡೆ ಬಾಲಿಶವಾಗಿದೆ, ಮತ್ತೊಂದು ಮುದ್ರಣವಾದರೆ ಇವನ್ನು ಹೊಸದಾಗಿ ಬರೆಯಬೇಕೆಂಬುದು ಅಲ್ಲಿಯ ಟಿಪ್ಪಣಿಯ ಭಾವ. 1831ರಲ್ಲಿ ಆಕೆ ಅದನ್ನೇ ಮಾಡಿದಳು. ಆರಂಭದ ಭಾಗವನ್ನು ವಿಸ್ತರಿಸಿ ಬರೆದಳು. ನಾಯಕನ ಸೋದರ ಸಂಬಂಧಿಯಾಗಿದ್ದ ಎಲಿಜಬೆತ್‌ಳನ್ನು ಮನೆತನಕ್ಕೆ ಸೇರಿದ ಅನಾಥೆಯನ್ನಾಗಿಸಿದಳು. ವಿಧಿಯ ಮಾತನ್ನು ಹೆಚ್ಚಿಸಿದಳು. ಪ್ರ‍ಸ್ತಾವನೆಯಲ್ಲಿಯೂ ಆಕೆ, ಹೊಸದನ್ನು ಕಲ್ಪಿಸುವುದೆಂದರೆ ಶೂನ್ಯದಿಂದ ಸೃಷ್ಟಿಸುವುದಲ್ಲ, ಅಸ್ತವ್ಯಸ್ತವಾಗಿರುವ ಸಾಮಗ್ರಿಯನ್ನು ರೂಪಕ್ಕೆ ತರುವುದು ಎಂಬರ್ಥದ ಮಾತನ್ನು ಸೇರಿಸಿದ್ದಾಳೆ. ಕನಸಿನ ಕಥನವನ್ನು ಮೆಚ್ಚಿದ ಓದುಗರು ಈ ಮಾತಿನ ಮೇಲೆ ಸಾಕಷ್ಟು ಕಣ್ಣಿಡಲಿಲ್ಲ.

ಒಂದೇ ಸಂಪುಟದಲ್ಲಿ ಆರು ಶಿಲಿಂಗಿಗೆ ದೊರೆತ ಬೆಂಟ್ಲಿ ಆವೃತ್ತಿಯೇ ಮುಂದಿನ ತಲೆಮಾರುಗಳ ಆಧಾರ ಪಾಠವಾಯಿತು. 1818ರ ಮೂಲಪಾಠವು ಸಾಮಾನ್ಯ ಓದುಗರಿಗೆ ಮತ್ತೆ ಸುಲಭವಾಗಿ ಸಿಗಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೆ ಕಾಯಬೇಕಾಯಿತು.

ಉಪಸಂಹಾರ

ಮೇರಿ ಷೆಲ್ಲಿ 1851ರ ಫೆಬ್ರವರಿ 1ರಂದು ಲಂಡನ್ನಿನಲ್ಲಿ ತೀರಿಕೊಂಡಳು. ಆರು ಕಾದಂಬರಿಗಳು, ಹಲವು ಸಣ್ಣ ಕಥೆಗಳು, ಜೀವನಚರಿತ್ರೆಗಳು, ಪ್ರವಾಸ ಕಥನ ಹಾಗೂ ಪರ್ಸಿಯ ಕಾವ್ಯದ 1839ರ ಸಂಪಾದನೆ ಆಕೆಯ ಜೀವಮಾನದ ಪ್ರಕಟಿತ ದುಡಿಮೆ. 1931ರ ಹಾಲಿವುಡ್ ಚಿತ್ರದಲ್ಲಿ ನಟ ಬೋರಿಸ್ ಕಾರ್ಲಾಫ್ ತಳೆದ ರೂಪವು ಸೃಷ್ಟಿಜೀವಿಯ ಜಾಗತಿಕ ಮುಖವಾಯಿತು. ಅದರ ಮುಂದಿನ ಭಾಗವಾದ 1935ರ ಚಿತ್ರದ ಆರಂಭದಲ್ಲಿ ಮೇರಿಯೇ ಪಾತ್ರವಾಗಿ ಬಂದು, ಇಬ್ಬರು ಕವಿಗಳಿಗೆ ಕಥೆಯನ್ನು ಮುಂದುವರಿಸಿ ಹೇಳುತ್ತಾಳೆ. 1831ರ ಉತ್ತರವು ಅಷ್ಟರಮಟ್ಟಿಗೆ ಕಥೆಯ ಭಾಗವೇ ಆಗಿಹೋಗಿತ್ತು.

ಮೇಲಿನ ಪರಿಶೀಲನೆಯಿಂದ ತಿಳಿದುಬರುವುದಿಷ್ಟು. ಓದುಗರ ಪ್ರಶ್ನೆಗೆ ಮೇರಿ ಕೊಟ್ಟ ಉತ್ತರವು ಸುಳ್ಳಲ್ಲ, ಆದರೆ ಅಪೂರ್ಣ. ಒಂದು ರಾತ್ರಿಯ ಬೆಳದಿಂಗಳು ಅದರಲ್ಲಿದೆ. ಸತ್ತ ಮಗುವಿನ ಕನಸು ಅದರಲ್ಲಿಲ್ಲ. ಕವಿಗಳ ಚರ್ಚೆ ಅದರಲ್ಲಿದೆ. ಎರಡು ಸಾವುಗಳ ನಡುವೆ ಮುಗಿಸಿದ ನಾಲ್ಕನೆಯ ಅಧ್ಯಾಯ ಅದರಲ್ಲಿಲ್ಲ. ಇಲ್ಲದುದನ್ನು ತುಂಬಿಕೊಟ್ಟಿರುವುದು ದಿನಚರಿಯ ಪುಟಗಳು, ಪತ್ರಗಳು ಮತ್ತು ಕರಡಿನ ಹಾಳೆಗಳು. ಲೇಖಕಿಯೊಬ್ಬಳ ಶ್ರಮವನ್ನು ಸ್ಫೂರ್ತಿಯ ಕಥೆಯಾಗಿಸಿ ಓದುವ ಅಭ್ಯಾಸವು ಒಂದು ಕಾಲಕ್ಕೆ ಅಥವಾ ಒಂದು ದೇಶಕ್ಕೆ ಸೀಮಿತವಾದುದಲ್ಲವಾದುದರಿಂದ, ಇಂಥ ಆಕರಗಳ ಸಂರಕ್ಷಣೆ ಮತ್ತು ಸಂಪಾದನೆಯು ಸಾಹಿತ್ಯ ಚರಿತ್ರೆಗೆ ಅತ್ಯಗತ್ಯವಾಗಿದೆ.

ಪ್ರಸ್ತಾವನೆಯ ಕೊನೆಯಲ್ಲಿ ಮೇರಿ ತನ್ನ ಕುರೂಪಿ ಸಂತಾನಕ್ಕೆ, ಹೋಗಿ ಬಾಳು ಎಂದು ಮತ್ತೊಮ್ಮೆ ಹರಸಿ ಕಳಿಸುತ್ತಾಳೆ. ಅದರ ಕೆಳಗೆ 1831ರ ಅಕ್ಟೋಬರ್ 15ರ ದಿನಾಂಕವಿದೆ. ಸಹಿಯ ಜಾಗದಲ್ಲಿರುವುದು ಮೂರು ಆದ್ಯಕ್ಷರಗಳು: ಎಂ. ಡಬ್ಲ್ಯು. ಎಸ್. ಹಿಮಸಮುದ್ರದಿಂದ ಬಂದ ಪತ್ರಗಳನ್ನು ಮೌನವಾಗಿ ಓದಿದ ಆ ಸೋದರಿಯ ಆದ್ಯಕ್ಷರಗಳೂ ಅವೇ.